ಒಂದು ಕಸುಬು, ಮೂರು ಮನೆತನಗಳ ಹೆಸರು: ವಾಕರ್, ಫುಲ್ಲರ್, ಟಕ್ಕರ್

ಇಂಗ್ಲೆಂಡಿನ ಮನೆತನದ ಹೆಸರುಗಳನ್ನು ಅಭ್ಯಾಸ ಮಾಡಿದವರು ಅವನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಕೆಲವು ತಂದೆಯ ಹೆಸರಿನಿಂದ, ಕೆಲವು ಊರು ಕೇರಿ ಹಳ್ಳಕೊಳ್ಳಗಳಿಂದ, ಕೆಲವು ಮೈಬಣ್ಣ ಅಥವಾ ನಡವಳಿಕೆಯನ್ನು ಕಂಡು ಜನ ಇಟ್ಟ ಗುರುತಿನಿಂದ, ಮತ್ತೆ ಕೆಲವು ಕಸುಬಿನಿಂದ ಬಂದವು. ಈ ನಾಲ್ಕನೆಯ ಬಗೆಯ ಹೆಸರುಗಳಲ್ಲಿ ಬಹುಪಾಲು ತಮ್ಮ ಅರ್ಥವನ್ನು ಬಚ್ಚಿಡುವುದಿಲ್ಲ. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ, ಬೇಕರ್ ಎಂದರೆ ರೊಟ್ಟಿ ಸುಡುವವನು ಎಂಬುದು ಇಂಗ್ಲಿಷನ್ನು ಅಲ್ಪಸ್ವಲ್ಪ ಬಲ್ಲವರಿಗೂ ತಿಳಿಯುತ್ತದೆ. ಆದರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಹೆಸರುಗಳ ಸಾಲಿಗೆ ಸೇರುವ ವಾಕರ್ ಎಂಬುದು ನೋಡುವವರನ್ನು ದಾರಿ ತಪ್ಪಿಸುತ್ತದೆ. ಅದು ನಡೆಯುವವನ ಹೆಸರಲ್ಲ, ಉಣ್ಣೆಯ ಬಟ್ಟೆಯನ್ನು ತುಳಿದು ಹದಗೊಳಿಸುವವನ ಹೆಸರು. ಅದೇ ಕೆಲಸ ಮಾಡುತ್ತಿದ್ದವನು ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್ ಎಂದೂ ನೈಋತ್ಯದಲ್ಲಿ ಟಕ್ಕರ್ ಎಂದೂ ಕರೆಸಿಕೊಂಡ. ಒಂದೇ ಕಸುಬಿಗೆ ಮೂರು ಹೆಸರು ಏಕೆ ಬಂದವು, ಅವು ಮನೆತನದ ಹೆಸರುಗಳಾಗಿ ಯಾವಾಗ ಗಟ್ಟಿಯಾದವು ಎಂಬುದನ್ನು ಹಿಡಿದು ಹೊರಟರೆ ಮಧ್ಯಯುಗದ ಇಂಗ್ಲೆಂಡಿನ ಬಟ್ಟೆಯ ಉದ್ಯಮ ಒಂದು ದೊಡ್ಡ ತಿರುವಿನಲ್ಲಿದ್ದ ಕಾಲವೇ ಎದುರಾಗುತ್ತದೆ.

ಮೊದಲು ಕಸುಬನ್ನೇ ನೋಡಬೇಕು. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಇನ್ನೂ ತೊಡುವ ಬಟ್ಟೆಯಾಗಿರುವುದಿಲ್ಲ. ಅದರ ಎಳೆಗಳ ನಡುವೆ ಬೆಳಕು ತೂರುವಷ್ಟು ಸಂದು ಇರುತ್ತದೆ; ಕುರಿಯ ಮೈಯ ಜಿಡ್ಡಿನ ಜೊತೆಗೆ, ನೂಲುವಾಗ ಉಣ್ಣೆ ತುಂಡಾಗದಿರಲೆಂದು ಸವರಿದ ಎಣ್ಣೆ ಅಥವಾ ಬೆಣ್ಣೆಯೂ ಅದರಲ್ಲಿ ಉಳಿದಿರುತ್ತದೆ. ಉಣ್ಣೆಯ ಎಳೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹುರುಪೆಗಳಿದ್ದು, ತೇವ, ಬಿಸಿ ಮತ್ತು ಒತ್ತಡ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ, ದಪ್ಪವಾಗಿ, ಗಾಳಿ ಮಳೆಗಳನ್ನು ತಡೆಯುವಂತಾಗುತ್ತದೆ. ಇಂಗ್ಲಿಷಿನಲ್ಲಿ ಫುಲ್ಲಿಂಗ್ ಎನ್ನಿಸಿಕೊಳ್ಳುವ ಕೆಲಸ ಇದು. ಹತ್ತಿಯ ಎಳೆಗೆ ಈ ಗುಣವಿಲ್ಲವಾದ್ದರಿಂದ ಹತ್ತಿಬಟ್ಟೆಯ ನಾಡುಗಳಲ್ಲಿ ಇಂಥದೊಂದು ಕಸುಬು ಪ್ರತ್ಯೇಕವಾಗಿ ಬೆಳೆಯುವ ಅಗತ್ಯವೇ ಬೀಳಲಿಲ್ಲ. ಕರ್ನಾಟಕದ ಕಂಬಳಿ ನೇಯುವವರು ಹುಣಸೆ ಬೀಜದ ಅಂಟನ್ನು ನೂಲಿಗೆ ಉಣ್ಣಿಸಿ ಬಿಗುವು ತರುವುದು ಬೇರೆಯೇ ವಿಧಾನ. ಕನ್ನಡದಲ್ಲಿ ಬನಾತು ಎಂದು ಕರೆಸಿಕೊಂಡ, ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ಹೇರಿ ತಂದು ಮಾರುತ್ತಿದ್ದ ಇಂಗ್ಲೆಂಡಿನ ದಪ್ಪ ಉಣ್ಣೆಬಟ್ಟೆಗೆ ನೇಯ್ಗೆಯ ಗೆರೆಗಳೇ ಕಾಣದಂಥ ನುಣುಪು ಬರುತ್ತಿದ್ದುದಕ್ಕೆ ಈ ತುಳಿತ ಮತ್ತು ಅದರ ನಂತರದ ಕೆಲಸಗಳೇ ಕಾರಣ.

ತುಳಿಯುವ ಕ್ರಮ ಹೀಗಿತ್ತು. ಮರದ ಅಥವಾ ಕಲ್ಲಿನ ತೊಟ್ಟಿಯಲ್ಲಿ ಬಟ್ಟೆಯನ್ನು ಮಡಿಸಿ ಹಾಕಿ, ಬಿಸಿನೀರನ್ನೂ ಹಲವು ದಿನ ಇಟ್ಟು ಹುಳಿಸಿದ ಮೂತ್ರವನ್ನೂ ಸುರಿದು, ಆಳುಗಳು ಬರಿಗಾಲಿನಲ್ಲಿ ಅದರೊಳಗೆ ಇಳಿದು ಗಂಟೆಗಟ್ಟಲೆ ತುಳಿಯುತ್ತಿದ್ದರು. ಮೂತ್ರ ಹುಳಿತಾಗ ಹುಟ್ಟುವ ಅಮೋನಿಯಾ ಬಟ್ಟೆಯ ಜಿಡ್ಡಿನೊಡನೆ ಬೆರೆತು ಸಾಬೂನಿನಂತೆ ಕೆಲಸ ಮಾಡುತ್ತಿತ್ತು. ಸಾಬೂನು ದುಬಾರಿಯಾಗಿದ್ದ ಕಾಲದಲ್ಲಿ ಮನೆಮನೆಯಿಂದ ಮೂತ್ರವನ್ನು ಒಟ್ಟುಮಾಡುವುದು ಬಟ್ಟೆಯ ಊರುಗಳಲ್ಲಿ ಯಾರೂ ಮೂಗು ಮುರಿಯದ ವ್ಯವಹಾರವಾಗಿತ್ತು. ಉಳಿದ ಜಿಡ್ಡನ್ನು ಹೀರಿಕೊಳ್ಳಲು ಒಂದು ಬಗೆಯ ನುಣುಪಾದ ಜೇಡಿಮಣ್ಣನ್ನು ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಫುಲ್ಲರನ ಮಣ್ಣು ಎಂಬ ಹೆಸರೇ ನಿಂತಿದೆ. ಇಂದು ಮುಖಕ್ಕೆ ಹಚ್ಚಿಕೊಳ್ಳಲೆಂದು ಅಂಗಡಿಗಳಲ್ಲಿ ಕೊಳ್ಳುವ ಮುಲ್ತಾನಿ ಮಿಟ್ಟಿ ಇದೇ ಜಾತಿಯ ಮಣ್ಣು. ಸರ್ರೆಯ ನಟ್‌ಫೀಲ್ಡ್ ಮತ್ತು ಬೆಡ್‌ಫರ್ಡ್‌ಶೈರಿನ ವೋಬರ್ನ್ ಸುತ್ತಮುತ್ತ ಸಿಗುತ್ತಿದ್ದ ಮಣ್ಣಿಗೆ ಎಷ್ಟು ಬೆಲೆಯಿತ್ತೆಂದರೆ, ಬೇರೆ ದೇಶಗಳ ಬಟ್ಟೆಯವರ ಕೈಗೆ ಅದು ಸಿಗಬಾರದೆಂದು 17ನೆಯ ಶತಮಾನದಲ್ಲಿ ಅದರ ರಫ್ತನ್ನೇ ನಿಷೇಧಿಸಲಾಗಿತ್ತು. ತುಳಿದ ಬಟ್ಟೆ ಒಂದೇ ಸಮನಾಗಿ ಕುಗ್ಗುವುದಿಲ್ಲವಾದ್ದರಿಂದ, ಅದನ್ನು ತೊಳೆದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಮರದ ಚೌಕಟ್ಟುಗಳಿಗೆ ಬಾಗಿದ ಮೊಳೆಗಳಿಂದ ಸಿಕ್ಕಿಸಿ, ಎಳೆದು, ಬಿಗಿಯಾಗಿ ಒಣಗಿಸುತ್ತಿದ್ದರು. ಇಲ್ಲಿ ಕಳ್ಳತನಕ್ಕೆ ಎಡೆಯಿತ್ತು. ಬಟ್ಟೆಯನ್ನು ಮಿತಿಮೀರಿ ಎಳೆದು ಉದ್ದ ಮಾಡಿ ಮಾರಿದರೆ ಮೊದಲ ಮಳೆಗೇ ಅದು ಕುಗ್ಗಿ ಮಾರಿದವನ ಬಣ್ಣ ಬಯಲಾಗುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾ ಎಂಬ ಪ್ರಸಿದ್ಧ ಹಕ್ಕುಪತ್ರದ 35ನೆಯ ಕಲಮು, ರಾಜನ ಅಧಿಕಾರದ ಮಿತಿಯ ಕುರಿತಾದ ದೊಡ್ಡ ಮಾತುಗಳ ನಡುವೆಯೇ, ಬಟ್ಟೆಯ ಅಗಲ ಅಂಚಿನಿಂದ ಅಂಚಿಗೆ ಎರಡು ಎಲ್ ಇರಬೇಕೆಂದು ವಿಧಿಸುತ್ತದೆ. ಎಲ್ ಎಂಬುದು ಬಟ್ಟೆ ಅಳೆಯುವ ಅಂದಿನ ಅಳತೆ.

ಕಸುಬು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ರೋಮನ್ನರಲ್ಲಿ ಇದನ್ನು ಮಾಡುವವನಿಗೆ ಫುಲ್ಲೊ ಎಂದು ಹೆಸರಿತ್ತು. ಹೊಸ ಬಟ್ಟೆಯನ್ನು ಹದಗೊಳಿಸುವುದರ ಜೊತೆಗೆ ಕೊಳೆಯಾದ ಉಣ್ಣೆಯ ಉಡುಪುಗಳನ್ನು ಒಗೆದು ಕೊಡುವುದೂ ಅವನ ಪಾಲಿಗಿತ್ತು. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇಯಲ್ಲಿ ಇಂಥ ಕಾರ್ಯಾಗಾರಗಳು ತುಳಿಯುವ ತೊಟ್ಟಿಗಳ ಸಮೇತ ಅಗೆತದಲ್ಲಿ ಸಿಕ್ಕಿವೆ. ಚಕ್ರವರ್ತಿ ವೆಸ್ಪೇಸಿಯನ್ ಮೂತ್ರದ ಮೇಲೆ ತೆರಿಗೆ ಹಾಕಿದನೆಂದೂ, ಮಗ ಅದನ್ನು ಆಕ್ಷೇಪಿಸಿದಾಗ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ಎಂದು ಕೇಳಿದನೆಂದೂ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ.

ಲ್ಯಾಟಿನ್ನಿನ ಈ ಫುಲ್ಲೊ ಎಂಬ ಪದವೇ ಹಳೆಯ ಇಂಗ್ಲಿಷಿಗೆ ಇಳಿದು ಫುಲ್ಲರ್ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ನುಡಿಯಲ್ಲಿದ್ದ ಅದೇ ಮೂಲದ ಪದವೂ ಅದಕ್ಕೆ ಬೆಂಬಲವಾಗಿ ನಿಂತಿತು. ವಾಕರ್ ಅಚ್ಚ ಜರ್ಮನಿಕ್ ಪದ. ಹಳೆಯ ಇಂಗ್ಲಿಷಿನ ವೆಯಲ್ಕನ್ ಎಂಬ ಕ್ರಿಯಾಪದಕ್ಕೆ ಉರುಳಿಸು, ಹೊರಳಾಡಿಸು ಎಂಬ ಅರ್ಥವಿತ್ತು. ಅದರಿಂದ ಬಂದ ವೆಯಲ್ಕೆರೆ ಎಂದರೆ ಬಟ್ಟೆಯನ್ನು ಹೊರಳಿಸಿ ಒತ್ತಿ ಹದಗೊಳಿಸುವವನು. ಜರ್ಮನ್ ಭಾಷೆಯ ವಾಲ್ಕೆನ್ ಇಂದಿಗೂ ಇದೇ ಕೆಲಸವನ್ನು ಹೇಳುತ್ತದೆ. ಕಾಲಿನಿಂದ ನಡೆಯುವುದು ಎಂಬ ಅರ್ಥ ಆ ಕ್ರಿಯಾಪದಕ್ಕೆ ಅಂಟಿಕೊಂಡದ್ದು ನಂತರದ ಕಾಲದಲ್ಲಿ. ಆದ್ದರಿಂದ ಬಟ್ಟೆಯ ಮೇಲೆ ನಡೆಯುತ್ತಿದ್ದುದರಿಂದ ವಾಕರ್ ಎಂದು ಹೆಸರಾಯಿತೆಂಬ, ಅನೇಕ ಜನಪ್ರಿಯ ಪುಸ್ತಕಗಳು ಹೇಳುವ ಸುಲಭದ ವಿವರಣೆ ತಲೆಕೆಳಗಾದುದು. ಟಕ್ಕರ್ ಎಂಬುದರ ಮೂಲವಾದ ಟೂಕಿಯನ್ ಎಂಬ ಪದಕ್ಕೆ ಪೀಡಿಸು, ಹಿಂಸಿಸು ಎಂಬ ಅರ್ಥವಿತ್ತು. ತೊಟ್ಟಿಯಲ್ಲಿ ಬಟ್ಟೆ ಪಡುತ್ತಿದ್ದ ಪಾಡನ್ನು ನೆನೆದರೆ ಇದು ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದ ಹೆಸರೆನ್ನಬೇಕು. ವಾಕರ್ ಹೆಸರನ್ನು ಕುರಿತ ತಪ್ಪು ತಿಳಿವಳಿಕೆಯನ್ನು ಲೋಕಕ್ಕೆಲ್ಲ ಹರಡಿದ ಕೀರ್ತಿ ಒಂದು ಸ್ಕಾಚ್ ವಿಸ್ಕಿಗೆ ಸಲ್ಲಬೇಕು. 1820ರಲ್ಲಿ ಜಾನ್ ವಾಕರ್ ಎಂಬಾತ ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ ತೆರೆದ ದಿನಸಿ ಅಂಗಡಿಯಿಂದ ಬೆಳೆದ ಜಾನಿ ವಾಕರ್‌ಗಾಗಿ ಚಿತ್ರಕಾರ ಟಾಮ್ ಬ್ರೌನ್ 1908ರಲ್ಲಿ ಬರೆದುಕೊಟ್ಟ, ಟೋಪಿ ಬೂಟು ತೊಟ್ಟು ಬಿರುಸಾಗಿ ಹೆಜ್ಜೆ ಹಾಕುವ ಸೊಗಸುಗಾರನ ಚಿತ್ರ ಬಾಟಲಿಗಳ ಮೇಲೆ ಇಂದಿಗೂ ನಡೆಯುತ್ತಲೇ ಇದೆ.

ಹೆಸರುಗಳು ಹೀಗೆ ಬಳಕೆಯಲ್ಲಿದ್ದಾಗಲೇ ಕೆಲಸದ ಸ್ವರೂಪ ಬದಲಾಗತೊಡಗಿತು. ನೂಲುವುದು, ನೇಯುವುದು ಕೈಕೆಲಸಗಳಾಗಿಯೇ ಉಳಿದಿದ್ದ ಕಾಲದಲ್ಲಿ, ಬಟ್ಟೆಯ ಉದ್ಯಮದಲ್ಲಿ ಎಲ್ಲಕ್ಕಿಂತ ಮೊದಲು ಯಂತ್ರಕ್ಕೆ ಒಪ್ಪಿಸಿದ ಕೆಲಸವೆಂದರೆ ಈ ತುಳಿತ. ಹರಿಯುವ ನೀರಿನಿಂದ ಚಕ್ರ ತಿರುಗುತ್ತದೆ. ಚಕ್ರದ ಅಚ್ಚಿಗೆ ಹೊಡೆದ ಮರದ ಗೂಟಗಳು ಭಾರವಾದ ಎರಡು ಕೊಡತಿಗಳನ್ನು ಸರದಿಯ ಮೇಲೆ ಎತ್ತಿ ಬಿಡುತ್ತವೆ. ಅವು ತೊಟ್ಟಿಯೊಳಗಿನ ಬಟ್ಟೆಯನ್ನು ಗುದ್ದುತ್ತಾ ನಿಧಾನವಾಗಿ ಮಗುಚುತ್ತವೆ. ಹಲವು ಜೋಡಿ ಕಾಲುಗಳು ಮಾಡುತ್ತಿದ್ದುದನ್ನು ಒಬ್ಬನೇ ನಿಂತು ನೋಡಿಕೊಳ್ಳಬಹುದಾಗಿತ್ತು. ಫ್ರಾನ್ಸಿನ ನಾರ್ಮಂಡಿಯಲ್ಲಿ 11ನೆಯ ಶತಮಾನದ ಕೊನೆಯ ವೇಳೆಗೇ ಇಂಥ ಗಿರಣಿಗಳಿದ್ದವು. ಇಂಗ್ಲೆಂಡಿನಲ್ಲಿ ಇವುಗಳ ಅತ್ಯಂತ ಹಳೆಯ ಖಚಿತ ದಾಖಲೆಗಳಲ್ಲಿ ಎರಡು 1185ರವು; ಟೆಂಪ್ಲರ್‌ಗಳು, ಅಂದರೆ ಜೆರುಸಲೇಮಿನ ಯಾತ್ರಿಕರ ರಕ್ಷಣೆಗೆಂದು ಹುಟ್ಟಿದ ಯೋಧ ಸಂನ್ಯಾಸಿಗಳು, ತಮ್ಮ ಆಸ್ತಿಯ ಪಟ್ಟಿ ಮಾಡಿಸಿದಾಗ ಗ್ಲಾಸ್ಟರ್‌ಶೈರಿನ ಟೆಂಪಲ್ ಗೈಟಿಂಗ್‌ನಲ್ಲಿ ಒಂದು, ಯಾರ್ಕ್‌ಶೈರಿನ ಟೆಂಪಲ್ ನ್ಯೂಸಮ್‌ನಲ್ಲಿ ಒಂದು ಫುಲ್ಲಿಂಗ್ ಗಿರಣಿ ಲೆಕ್ಕಕ್ಕೆ ಬಂದವು.

ಗಿರಣಿ ಕಟ್ಟಿದವರು ಬಹುಮಟ್ಟಿಗೆ ಜಮೀನಿನ ಒಡೆಯರು ಮತ್ತು ಮಠಗಳು, ನೇಕಾರರಲ್ಲ. ಗಿರಣಿಗೆ ಹಾಕಿದ ಹಣ ಮರಳಿ ಬರಬೇಕಾದರೆ ಒಕ್ಕಲುಗಳೆಲ್ಲ ಅಲ್ಲಿಗೇ ಬಟ್ಟೆ ತಂದು ಕೂಲಿ ತೆರಬೇಕು. ಮನೆಯಲ್ಲಿ ತುಳಿದುಕೊಳ್ಳುವುದು ಒಡೆಯನ ಕಣ್ಣಿಗೆ ಅಪರಾಧವಾಯಿತು. ಲಂಡನ್ನಿನ ಉತ್ತರದ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಈ ಜಗಳ ಬೀದಿಗೇ ಬಂತು. ಅಲ್ಲಿನ ಮಠಾಧಿಪತಿ ರೋಜರ್, ಧಾನ್ಯವನ್ನೂ ಬಟ್ಟೆಯನ್ನೂ ಮಠದ ಗಿರಣಿಗೇ ತರಬೇಕೆಂದು ಪಟ್ಟು ಹಿಡಿದಾಗ ಪಟ್ಟಣಿಗರು ಮನೆಯಲ್ಲೇ ತುಳಿಯುವುದನ್ನು ಬಿಡಲಿಲ್ಲ. ವ್ಯಾಜ್ಯಕ್ಕೆಂದು ಹಣ ಕೂಡಿಸಿದರು. ಊರಿನ ಹೆಂಗಸರು ಆ ಕಡೆ ಬಂದ ರಾಣಿ ಎಲಿನರ್‌ಳ ಮುಂದೆ ಅಹವಾಲು ಹೇಳಿಕೊಂಡರು. 1274ರಲ್ಲಿ ರಾಜನ ನ್ಯಾಯಾಲಯದಲ್ಲಿ ಗೆಲುವು ಮಠದ್ದಾಯಿತು. ಆದರೆ ಸಿಟ್ಟು ಆರಲಿಲ್ಲ. ಮುಂದೆ ಇನ್ನೊಬ್ಬ ಮಠಾಧಿಪತಿ ಜನರಿಂದ ಕಿತ್ತುಕೊಂಡ ಬೀಸುವ ಕಲ್ಲುಗಳನ್ನು ತನ್ನ ಕೋಣೆಯ ನೆಲಕ್ಕೆ ಹಾಸಿಸಿದ್ದನ್ನು 1381ರ ರೈತ ದಂಗೆಯ ವೇಳೆ ಅದೇ ಪಟ್ಟಣದವರು ನುಗ್ಗಿ ಕಿತ್ತು ಒಡೆದರು. ಲಂಡನ್ನಿನಲ್ಲಿ ದೂರು ಬೇರೆ ಬಗೆಯದು. ಬಟ್ಟೆಯನ್ನು ಸ್ಟ್ರಾಟ್‌ಫರ್ಡ್ ಮುಂತಾದೆಡೆಯ ಗಿರಣಿಗಳಿಗೆ ಕಳಿಸುವುದರಿಂದ ಕಾಲಿನಿಂದ ತುಳಿಯುವ ತಮ್ಮ ಹೊಟ್ಟೆಗೆ ಕಲ್ಲು ಬೀಳುತ್ತಿದೆಯೆಂದು 1298ರಲ್ಲಿ ಆ ನಗರದ ಫುಲ್ಲರ್‌ಗಳು ತಕರಾರು ತೆಗೆದರು.

ಆರ್ಥಿಕ ಇತಿಹಾಸಕಾರ್ತಿ ಎಲಿನೋರಾ ಕಾರಸ್-ವಿಲ್ಸನ್ 1941ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಬದಲಾವಣೆಯನ್ನು 13ನೆಯ ಶತಮಾನದ ಕೈಗಾರಿಕಾ ಕ್ರಾಂತಿಯೆಂದೇ ಕರೆದರು. ಯಾರ್ಕ್, ಲಿಂಕನ್, ವಿಂಚೆಸ್ಟರ್‌ಗಳಂಥ ಹಳೆಯ ಬಟ್ಟೆಯ ನಗರಗಳು ಸೊರಗಿ, ಕಾಟ್ಸ್‌ವೋಲ್ಡ್ಸ್, ಪಶ್ಚಿಮ ಯಾರ್ಕ್‌ಶೈರ್, ಡೆವನ್‌ಗಳ ಬೆಟ್ಟಗಾಡಿನ ಹಳ್ಳಿಗಳು ಮುಂದೆ ಬಂದುದಕ್ಕೆ ರಭಸವಾಗಿ ಹರಿಯುವ ನೀರಿನ ಮೇಲೆ ನಿಂತ ಈ ಗಿರಣಿಗಳೇ ಕಾರಣ ಎಂಬುದು ಅವರ ವಾದ. ಎಡ್ವರ್ಡ್ ಮಿಲ್ಲರ್ ಮೊದಲಾದವರು ಇದನ್ನು ಒಪ್ಪಲಿಲ್ಲ. ಫ್ಲಾಂಡರ್ಸಿನ ಬಟ್ಟೆಯ ಪೈಪೋಟಿ ನಗರಗಳನ್ನು ಹಣ್ಣು ಮಾಡಿತ್ತು, ಹಳ್ಳಿಗಳಲ್ಲಿ ಕೂಲಿಯೂ ಕಟ್ಟುಪಾಡುಗಳೂ ಕಡಿಮೆಯಿದ್ದವು, ಒಟ್ಟು ಖರ್ಚಿನಲ್ಲಿ ತುಳಿತದ ಪಾಲು ಅಷ್ಟೇನೂ ದೊಡ್ಡದಲ್ಲ ಎಂದು ಅವರು ತೋರಿಸಿದರು. ಕ್ರಾಂತಿ ಎಂಬ ಪದ ಭಾರವಾಯಿತೆಂಬ ಆಕ್ಷೇಪ ಸರಿಯಾದುದೇ. ಆದರೂ ಗಿರಣಿಗಳು ಊರೂರಿಗೆ ಹಬ್ಬಿದ ಕಾಲದಲ್ಲಿಯೇ ಮನೆತನದ ಹೆಸರುಗಳೂ ನೆಲೆಗೊಂಡವೆಂಬ ಸಂಗತಿ, ಹೆಸರುಗಳ ಚರಿತ್ರೆಗೆ ಮುಖ್ಯವಾದುದು.

12ನೆಯ ಶತಮಾನದವರೆಗೆ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಒಂದೇ ಹೆಸರು. ದಾಖಲೆ ಬರೆಯುವ ಗುಮಾಸ್ತನು ಊರಿನ ಹತ್ತಾರು ಜಾನ್, ವಿಲಿಯಂಗಳನ್ನು ಬೇರ್ಪಡಿಸಲು ಪಕ್ಕದಲ್ಲಿ ಕಸುಬನ್ನೋ ಊರನ್ನೋ ಗುರುತು ಹಾಕುತ್ತಿದ್ದ. ಆ ಗುರುತು ಮಗನಿಗೆ ಬರಲೇಬೇಕೆಂದಿರಲಿಲ್ಲ. 13 ಮತ್ತು 14ನೆಯ ಶತಮಾನಗಳಲ್ಲಿ ಅದು ತಂದೆಯಿಂದ ಮಕ್ಕಳಿಗೆ ಇಳಿಯುವ ರೂಢಿ ಮೊದಲು ದಕ್ಷಿಣದಲ್ಲಿ, ಕ್ರಮೇಣ ಉತ್ತರದಲ್ಲಿ ಬೇರೂರಿತು. 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳಲ್ಲಿ ಈ ನಡುಗಾಲದ ಗೊಂದಲವನ್ನು ಕಾಣಬಹುದು. ಅಂತಸ್ತಿಗೆ ತಕ್ಕಂತೆ ವಸೂಲಿ ಮಾಡಿದ 1379ರ ಪಟ್ಟಿಯಲ್ಲಿ ಹಲವೆಡೆ ಹೆಸರೂ ಕಸುಬೂ ಬೇರೆಬೇರೆಯಾಗಿ ನಮೂದಾಗಿದ್ದು, ಕೆಲವರಲ್ಲಿ ಎರಡೂ ಹೊಂದಿಕೆಯಾದರೆ ಕೆಲವರಲ್ಲಿ ಆಗುವುದಿಲ್ಲ. 1413ರ ಒಂದು ಶಾಸನ, ದಾವೆಯ ಕಾಗದಗಳಲ್ಲಿ ಆರೋಪಿಯ ಹೆಸರಿನ ಜೊತೆಗೆ ಅವನ ಅಂತಸ್ತು ಅಥವಾ ಕಸುಬು ಮತ್ತು ಊರನ್ನು ಪ್ರತ್ಯೇಕವಾಗಿ ಬರೆಯಬೇಕೆಂದು ಕಡ್ಡಾಯ ಮಾಡಿತು. ಆ ಹೊತ್ತಿಗೆ ಹೆಸರು ಕಸುಬನ್ನು ಹೇಳುವುದನ್ನು ನಿಲ್ಲಿಸಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ಅಂದರೆ ಗಿರಣಿಯ ಕೊಡತಿಗಳು ಕಾಲುಗಳ ಜಾಗವನ್ನು ಹಿಡಿಯುತ್ತಿದ್ದಾಗಲೇ ತುಳಿಯುವವನ ಹಳೆಯ ಹೆಸರುಗಳು ವಂಶಗಳಿಗೆ ಅಂಟಿಕೊಂಡವು. ಎಷ್ಟೋ ಮೊದಲ ವಾಕರ್‌ಗಳು ತೊಟ್ಟಿಗೆ ಕಾಲಿಟ್ಟವರಲ್ಲ, ಗಿರಣಿಯನ್ನು ಗುತ್ತಿಗೆ ಹಿಡಿದವರಾಗಿರಬಹುದು.

ಮೂರು ಹೆಸರುಗಳು ಹಂಚಿಹೋದ ರೀತಿ ಆಡುಮಾತಿನ ಭೂಪಟವನ್ನು ಬಿಡಿಸಿಟ್ಟಂತಿದೆ. ವಾಕರ್ ಯಾರ್ಕ್‌ಶೈರ್, ಲ್ಯಾಂಕಶೈರ್, ಡರ್ಬಿಶೈರ್ ಮತ್ತು ಸ್ಕಾಟ್ಲೆಂಡಿನದು. ಫುಲ್ಲರ್ ಸಸೆಕ್ಸ್, ಕೆಂಟ್, ಸಫಕ್, ನಾರ್ಫಕ್‌ಗಳದು. ಟಕ್ಕರ್ ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್‌ಗಳದು. ಗಿರಣಿಗಳ ಹೆಸರಿನಲ್ಲಿಯೂ ಇದೇ ಹಂಚಿಕೆಯಿದ್ದು, ಕಾರ್ನ್‌ವಾಲಿನಲ್ಲಿ ಟಕಿಂಗ್‌ಮಿಲ್ ಎಂಬ ಊರೇ ಇದೆ. ಗಡಿ ದಾಟಿ ವೇಲ್ಸ್‌ಗೆ ಹೋದರೆ ಅಲ್ಲಿನ ಭಾಷೆಯಲ್ಲಿ ಈ ಗಿರಣಿಗೆ ಪಾಂಡಿ ಎನ್ನುತ್ತಾರೆ. ಕಲ್ಲಿದ್ದಲು ಕಾರ್ಮಿಕರ ಹೋರಾಟದಿಂದ ಹೆಸರಾದ ಟೋನಿಪಾಂಡಿಯ ಹೆಸರಿನಲ್ಲಿ ಅಡಗಿರುವುದು ಅದೇ. 1380ರ ದಶಕದಲ್ಲಿ ಧರ್ಮಸುಧಾರಕ ವಿಕ್ಲಿಫ್‌ನ ಅನುಯಾಯಿಗಳು ಬೈಬಲನ್ನು ಇಂಗ್ಲಿಷಿಗೆ ತಂದಾಗ, ಏಸುವಿನ ಉಡುಪು ಬೆಳ್ಳಗೆ ಹೊಳೆದ ಪ್ರಸಂಗದಲ್ಲಿ ಫುಲ್ಲರ್ ಎಂಬುದರ ಪಕ್ಕದಲ್ಲಿಯೇ ವಾಕರ್ ಎಂಬುದನ್ನೂ ಬರೆದರು. ಎರಡೂ ಸೀಮೆಯ ಓದುಗರಿಗೆ ತಿಳಿಯಲೆಂದೇ ಇರಬೇಕು. ಇನ್ನೂ ಸೊಗಸಾದ ಸಾಕ್ಷ್ಯ ಡೆವನ್ನಿನ ಎಕ್ಸಿಟರ್ ನಗರದಲ್ಲಿದೆ. ಅಲ್ಲಿನ ಕಸುಬುದಾರರ ಸಂಘದ ಅಧಿಕೃತ ಹೆಸರಿನಲ್ಲಿ ನೇಕಾರರು, ಫುಲ್ಲರ್‌ಗಳು ಮತ್ತು ಬಟ್ಟೆಯ ನವಿರು ಕತ್ತರಿಸುವವರು ಇದ್ದಾರೆ. ಆದರೆ 1471ರಲ್ಲಿ ತಲೆಯೆತ್ತಿದ ಅದರ ಸಭಾಮಂದಿರ ಊರಿನ ಬಾಯಲ್ಲಿ ಅಂದಿನಿಂದ ಇಂದಿನವರೆಗೂ ಟಕ್ಕರ್ಸ್ ಹಾಲ್. ಕಾಗದಪತ್ರದ ಭಾಷೆ ಒಂದು, ಜನರ ನಾಲಗೆ ಇನ್ನೊಂದು. ಮನೆತನದ ಹೆಸರಾಗಿ ಅಲ್ಲಿ ಉಳಿದದ್ದು ನಾಲಗೆಯ ಪದ. ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಗುಮಾಸ್ತರು ಮೂವರನ್ನೂ ಫುಲ್ಲೊ ಎಂದೇ ನಮೂದಿಸುತ್ತಿದ್ದರೂ ಅದು ನಿಲ್ಲಲಿಲ್ಲ.

ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಗಾಣಿಗೇರ ಮುಂತಾದ ಅಡ್ಡಹೆಸರುಗಳನ್ನು ಬಲ್ಲ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅವು ಕಸುಬಿನ ಜೊತೆಗೆ ಸಮುದಾಯವನ್ನೂ ಹೇಳುತ್ತವೆ, ಮದುವೆಯ ಸಂಬಂಧಗಳವರೆಗೂ ಅವುಗಳ ಕೈ ಚಾಚುತ್ತದೆ. ಇಂಗ್ಲೆಂಡಿನಲ್ಲಿ ಟಕ್ಕರ್‌ನ ಮಗ ಬೇಸಾಯಕ್ಕೆ ಇಳಿದರೆ ಅಥವಾ ಪಾದ್ರಿಯಾದರೆ ಹೆಸರು ಅವನೊಂದಿಗೆ ಹೋಯಿತು, ಅದು ಯಾವ ಬಂಧನವನ್ನೂ ಹೊರಿಸಲಿಲ್ಲ. ಎಲ್ಲ ವಾಕರ್‌ಗಳೂ ಒಂದೇ ಬುಡದ ಕೊಂಬೆಗಳೂ ಅಲ್ಲ, ಏಕೆಂದರೆ ಹೊಳೆ ಹರಿಯುವ ಪ್ರತಿಯೊಂದು ಕಣಿವೆಯಲ್ಲೂ ಆ ಹೆಸರು ಪ್ರತ್ಯೇಕವಾಗಿ ಹುಟ್ಟಿರಬಹುದು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ 40 ಬ್ರಿಟಿಷ್ ಹೆಸರುಗಳ ಗಂಡಸರಲ್ಲಿ ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವನ್ನು ಪರೀಕ್ಷಿಸಿದಾಗ, ಅಪರೂಪದ ಹೆಸರಿನವರಲ್ಲಿ ರಕ್ತಸಂಬಂಧ ಎದ್ದು ಕಂಡಿತು, ಸ್ಮಿತ್‌ನಂಥ ಬಳಕೆಯ ಹೆಸರಿನವರಲ್ಲಿ ಕಾಣಲಿಲ್ಲ. ಅಮೆರಿಕಕ್ಕೆ ಹೋದ ಮೇಲಂತೂ ಈ ಹೆಸರುಗಳು ತೋಟದ ಒಡೆಯರಿಂದ ಗುಲಾಮರ ವಂಶಗಳಿಗೂ ದಾಟಿದವು. ಆದ್ದರಿಂದ ಹೆಸರನ್ನು ಮಾತ್ರ ನೋಡಿ ಪೂರ್ವಜನೊಬ್ಬ ತೊಟ್ಟಿಯಲ್ಲಿ ನಿಂತಿದ್ದನೆಂದು ಹೇಳುವ ವಂಶಾವಳಿಗಳನ್ನು ನಂಬಬೇಕಿಲ್ಲ. ಹೆಚ್ಚೆಂದರೆ ಅಂಥ ಪೂರ್ವಜನ ನೆರೆಹೊರೆಯವರು ಯಾವ ಸೀಮೆಯ ಇಂಗ್ಲಿಷ್ ಆಡುತ್ತಿದ್ದರೆಂದು ಹೇಳಬಹುದು.

ಕಸುಬಿನವರ ಸಂಘಟನೆಯಲ್ಲಿ ಹೆಸರು ಬೇಗ ಮರೆಯಾಯಿತು. ಲಂಡನ್ನಿನ ಫುಲ್ಲರ್‌ಗಳ ಸಂಘ 1528ರಲ್ಲಿ ನವಿರು ಕತ್ತರಿಸುವವರ ಸಂಘದೊಡನೆ ಕೂಡಿ ಬಟ್ಟೆ ಕೆಲಸಗಾರರ ಕಂಪನಿಯೆಂಬ ಹೊಸ ಹೆಸರು ತಳೆಯಿತು. ನೀರಿನಿಂದ ನಡೆಯುವ ಕೊಡತಿಗಳು ಮಾತ್ರ ಇನ್ನೂ ಬಹುಕಾಲ ಬಾಳಿದವು. ಲ್ಯಾಂಕಶೈರಿನ ಹೆಲ್ಮ್‌ಷೋರ್‌ನಲ್ಲಿ 1789ರಲ್ಲಿ ಕಟ್ಟಿದ ಗಿರಣಿಯ ಕೊಡತಿಗಳು 1960ರ ದಶಕದವರೆಗೂ ಬಟ್ಟೆ ಗುದ್ದಿ ಈಗ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಅವುಗಳ ಬದಲಿಗೆ ಉರುಳೆಗಳ ನಡುವೆ ಬಟ್ಟೆಯನ್ನು ಹಾಯಿಸಿ ಹದಗೊಳಿಸುವ ಯಂತ್ರಕ್ಕೆ 1833ರಲ್ಲಿ ಪೇಟೆಂಟ್ ಪಡೆದಾತ ವಿಲ್ಟ್‌ಶೈರಿನ ಟ್ರೋಬ್ರಿಜ್‌ನವನು. ಅವನು ವಾಕರನೂ ಅಲ್ಲ, ಫುಲ್ಲರನೂ ಅಲ್ಲ, ಟಕ್ಕರನೂ ಅಲ್ಲ, ಬಟ್ಟೆಗೆ ಬಣ್ಣ ಹಾಕುವವನು ಎಂಬ ಅರ್ಥದ ಹೆಸರನ್ನು ಹೊತ್ತ ಜಾನ್ ಡೈಯರ್.